ಮಂಡಿಗೆ ಡೈರೆಕ್ಟ್ ಬಸ್ಸಿಲ್ಲ

ಮಿಲಿಟರಿ ಹೋಟೆಲಿನಲ್ಲಿ ಮೆಣಸು ಉದುರಿಸಿ ಕೊಟ್ಟರೆ ಅದು ಕಾಲು ಸೂಪು. ಅದರಲ್ಲಿರುವ ಕೊಲಾಜೆನ್ ಎಂಬ ಅಂಟಂಟು ಪ್ರೋಟೀನನ್ನೇ ಕಿಣ್ವ ಹಾಕಿ ಚೂರು ಮಾಡಿ, ಒಣಗಿಸಿ, ವೆನಿಲಾ ಬೆರೆಸಿ, ಬಿಳಿ ಡಬ್ಬಿಗೆ ತುಂಬಿ ಸಾವಿರದ ಮೇಲೆ ಬೆಲೆ ಅಂಟಿಸಿದರೆ ವೆಲ್‌ನೆಸ್. ಸೂಪು ಕುಡಿದವನು ಮೂಗು ಒರೆಸಿಕೊಂಡು ಸುಮ್ಮನೆ ಮನೆಗೆ ಹೋಗುತ್ತಾನೆ. ಡಬ್ಬಿ ಕೊಂಡವರು ರೀಲ್ಸ್ ಮಾಡುತ್ತಾರೆ.

ಆ ರೀಲ್ಸುಗಳ ಕತೆಯೆಲ್ಲ ಒಂದೇ. ಮೊದಲು ನೀಲಿ ಬಣ್ಣದ ಮಂಡಿ, ನಟ್ಟನಡುವೆ ಕೆಂಪು ಕೆಂಡ. ಆಮೇಲೆ ಎಲ್ಲಿಂದಲೋ ಬಿಳಿ ಪುಡಿ ಸುರಿದು ಸವೆದ ಜಾಗವೆಲ್ಲ ಭರ್ತಿ. ನಂತರ ಬಿಳಿ ಕೋಟಿನವರೊಬ್ಬರು, ಕೊರಳಲ್ಲಿ ಸ್ಟೆತಾಸ್ಕೋಪು. ಮಂಡಿಯ ಎದೆಬಡಿತ ಕೇಳುವುದಕ್ಕಿರಬೇಕು. ಕೊನೆಗೆ ಇಪ್ಪತ್ತನಾಲ್ಕು ದಾಟದ ಹುಡುಗಿ, "ನಂಗೆ ಮೆಟ್ಟಿಲು ಹತ್ತೋಕೇ ಆಗ್ತಿರ್ಲಿಲ್ಲ ಗೈಸ್" ಎನ್ನುತ್ತಾಳೆ. ಲಿಫ್ಟಿರುವ ಅಪಾರ್ಟ್‌ಮೆಂಟಿನಲ್ಲಿ ಅದು ಗೊತ್ತಾದದ್ದು ಹೇಗೋ ಕಾಣೆ.

ನಮ್ಮ ಪಾರ್ಕಿಗೆ ಬರುವ ರಾಯರದು ಏಕಾದಶಿಗೆ ನಿರಾಹಾರ, ಉಳಿದ ದಿನ ಈರುಳ್ಳಿ ಬೆಳ್ಳುಳ್ಳಿ ವರ್ಜ್ಯ. ಈಗ ಬೆಳಗಿನ ಹಾಲಿಗೆ ಒಂದು ಚಮಚ ಕೊಲಾಜೆನ್. ಮಗಳು ಆನ್‌ಲೈನಿನಲ್ಲಿ ತರಿಸಿಕೊಟ್ಟದ್ದಂತೆ.

"ರಾಯರೇ, ಇದು ಮೀನಿನ ಚರ್ಮ, ಹುರುಪೆಯಿಂದ ತೆಗೆದದ್ದು. ಡಬ್ಬಿ ಮೇಲೆ ಕಂದು ತ್ರಿಕೋನ ಇದೆ ನೋಡಿ, ಮಾಂಸಾಹಾರದ ಗುರುತು" ಎಂದೆ.

"ಅಲ್ರೀ, ಮರೈನ್ ಅಂತ ಬರೆದಿದಾರೆ. ಅಂದ್ರೆ ಸಮುದ್ರದ್ದು. ಉಪ್ಪೂ ಸಮುದ್ರದ್ದೇ ಅಲ್ವೇ?"

ಇದಕ್ಕೆ ಯಾವ ಧರ್ಮಶಾಸ್ತ್ರದಲ್ಲಿ ಉತ್ತರವಿದೆ? ಗಿಡಮರಗಳು ಕೊಲಾಜೆನ್ ತಯಾರಿಸುವುದೇ ಇಲ್ಲ. ಹಾಗೆಂದು ಸಸ್ಯಾಹಾರಿಗಳ ದುಡ್ಡು ಬಿಟ್ಟುಕೊಡಲಾದೀತೇ? ಹಸಿರು ಚುಕ್ಕಿಯ 'ವೆಜ್ ಕೊಲಾಜೆನ್' ಕೂಡ ಬಂದಿದೆ. ಒಳಗೆ ನೆಲ್ಲಿಕಾಯಿ ಪುಡಿ, ಅಗಸೆ ಸೊಪ್ಪಿನ ಸಾರ ಇತ್ಯಾದಿ. ಕೊಲಾಜೆನ್ ಮಾತ್ರ ಒಂದು ಕಣವೂ ಇಲ್ಲ. ಸಿ ಜೀವಸತ್ವ ಇಲ್ಲದೆ ದೇಹ ಗಟ್ಟಿ ಕೊಲಾಜೆನ್ ಹೆಣೆಯಲಾರದು ಎಂಬುದು ನಿಜ, ಸ್ಕರ್ವಿ ಹಿಡಿದ ನಾವಿಕರ ಹಲ್ಲು ಉದುರುತ್ತಿದ್ದದ್ದೂ ಅದಕ್ಕೇ. ಅಷ್ಟಕ್ಕೆ ತಳ್ಳುಗಾಡಿಯವನು ಉಪ್ಪು ಖಾರ ಹಚ್ಚಿ ಕೊಡುವ ಸೀಬೆಹಣ್ಣು ಧಾರಾಳ ಸಾಕು. ಅವನಿನ್ನೂ 'ಕೊಲಾಜೆನ್ ಬಿಲ್ಡರ್' ಎಂದು ಬೋರ್ಡು ಬರೆಸಿಲ್ಲ, ಪಾಪ.

ಕೊಲಾಜೆನ್ ದೊಡ್ಡ ವಸ್ತುವೇ, ಅದರಲ್ಲಿ ತಕರಾರಿಲ್ಲ. ಮಂಡಿಯ ಮೂಳೆ ತುದಿಗಳಿಗೆ ಮೆತ್ತೆಯಂತಿರುವ ಮೃದ್ವಸ್ಥಿಯಲ್ಲಿ (ಕಾರ್ಟಿಲೇಜ್) ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರು. ಆ ನೀರನ್ನು ಹೀರಿ ಉಬ್ಬುವುದು ಪ್ರೋಟಿಯೋಗ್ಲೈಕಾನ್ ಎಂಬ ಅಣುಗಳು. ಉಬ್ಬಿದ್ದು ಹರಿದುಹೋಗದಂತೆ ಬಿಗಿಹಿಡಿಯುವುದು ಕೊಲಾಜೆನ್ ಎಳೆಗಳು. ಈ ಎಳೆದಾಟದಿಂದಲೇ ನಾವು ಮಂಡಿಯೂರಿ ನಮಸ್ಕಾರ ಮಾಡಿ ಮತ್ತೆ ಏಳುವುದು. ಕೊಲಾಜೆನ್ ಮೂರೆಳೆ ಹೊಸೆದ ಹಗ್ಗದಂತಿದೆ ಎಂದು 1954ರಲ್ಲಿ ಜಗತ್ತಿಗೆ ಹೇಳಿದವರು ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ಪರೀಕ್ಷೆಗೆ ಬಳಸಿದ್ದು ಕಾಂಗರೂ ಬಾಲದ ಸ್ನಾಯುರಜ್ಜು (ಟೆಂಡನ್). ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆಣ್ವಿಕ ಜೀವಭೌತ ವಿಭಾಗವನ್ನೇ ಕಟ್ಟಿದರು. ಅದೇ ಊರಿನಲ್ಲಿ ಇವತ್ತು ಕೊಲಾಜೆನ್ ಸ್ಟ್ರಾಬೆರಿ ಫ್ಲೇವರಿನಲ್ಲಿ ಸಿಗುತ್ತದೆ.

ಇನ್ನು ಆ ಚಮಚ ಪುಡಿಯ ಪ್ರಯಾಣ. ಹೊಟ್ಟೆ ಎಂಬುದು ಮೆಜೆಸ್ಟಿಕ್ ಬಸ್ ನಿಲ್ದಾಣ. ಯಾವ ಊರಿಂದ, ಯಾವ ಘನತೆಯಿಂದ ಬಂದ ಪ್ರೋಟೀನಾದರೂ ಇಲ್ಲಿ ಇಳಿಯಲೇಬೇಕು. ಗುಂಪು ಚದುರಿ ಬಹುಪಾಲು ಬಿಡಿ ಅಮೈನೋ ಆಮ್ಲಗಳಾಗಿ ನಿಲ್ಲುತ್ತದೆ; ಎರಡು ಮೂರು ಜನ ಕೈಕೈ ಹಿಡಿದುಕೊಂಡೇ ರಕ್ತಕ್ಕೆ ಹತ್ತುವುದೂ ಉಂಟು. ಅಲ್ಲಿಂದ ಯಾರು ಯಾವ ಬಸ್ಸು ಹಿಡಿಯುತ್ತಾರೋ ಕಂಡಕ್ಟರಿಗೂ ಗೊತ್ತಿಲ್ಲ. ಒಬ್ಬ ಲಿವರಿಗೆ, ಒಬ್ಬ ಕೂದಲಿಗೆ, ಇನ್ನೊಬ್ಬ ಸುಮ್ಮನೆ ಉರಿದು ಶಕ್ತಿಯಾಗಿ ಹೋಗುತ್ತಾನೆ. ಮಂಡಿಗೇ ಹೋಗುತ್ತೇನೆಂದು ಹಟ ಹಿಡಿದವನ ಪಾಡು ಇನ್ನೂ ಕಷ್ಟ, ಏಕೆಂದರೆ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ಬಸ್ಸು ಊರಾಚೆ ನಿಲ್ಲುತ್ತದೆ. ಅಲ್ಲಿಂದ ಕೀಲಿನ ದ್ರವದಲ್ಲಿ ಈಜಿಕೊಂಡು, ಮಂಡಿ ಒತ್ತಿದಾಗ, ಬಿಟ್ಟಾಗ ಒಳಗೆ ಜಿನುಗಬೇಕು. ಹೋಗುವುದು ಎರಡನೇ ವರ್ಗದ ಕೊಲಾಜೆನ್ ವಾಸವಿರುವ ಬಡಾವಣೆಗೆ. ಡಬ್ಬಿಯಿಂದ ಹೊರಟವನು ಬಹುಮಟ್ಟಿಗೆ ಚರ್ಮ, ಹುರುಪೆಯ ಒಂದನೇ ವರ್ಗದವನು. ಪರವಾಗಿಲ್ಲ ಬಿಡಿ, ಅಮೈನೋ ಆಮ್ಲಕ್ಕೆ ಜಾತಿಯಿಲ್ಲ.

ಆದರೆ ಆ ಬಡಾವಣೆಯಲ್ಲಿ ಹೊಸ ಮನೆ ಕಟ್ಟುವುದನ್ನೇ ನಿಲ್ಲಿಸಿದ್ದಾರೆ. 1950, 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲದ ಗುರುತು ಹಿಡಿದು ಡೆನ್ಮಾರ್ಕಿನ ಸಂಶೋಧಕರು ಮಂಡಿಯ ಕೊಲಾಜೆನ್‌ನ ವಯಸ್ಸು ಲೆಕ್ಕಹಾಕಿದರು. 2016ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಬೆಳೆಯುವ ವಯಸ್ಸಿನಲ್ಲಿ ಹೆಣೆದದ್ದೇ ಕೊನೆ. ಆಮೇಲೆ ಆ ಎಳೆಗಳು ಬದಲಾಗುವುದು ಇಲ್ಲವೆನ್ನುವಷ್ಟು ಕಡಿಮೆ, ಸವೆದ ಮಂಡಿಯಲ್ಲೂ ಅಷ್ಟೇ. ರಾಯರ ಮಂಡಿಯಲ್ಲಿರುವುದು ಅವರು ಎಸ್ಸೆಸ್ಸೆಲ್ಸಿ ಓದುತ್ತಿದ್ದ ಕಾಲದ ಮಾಲು. ಲಂಡನ್ನಿನ ಅಂಗರಚನಾ ತಜ್ಞ ವಿಲಿಯಂ ಹಂಟರ್, ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಕೂಡಿಕೊಳ್ಳದು ಎಂದು 1743ರಲ್ಲೇ ಬರೆದಿಟ್ಟಿದ್ದ. ಆಗಿನ್ನೂ ಮೈಸೂರಿನ ಅಧಿಕಾರ ಹೈದರಾಲಿಯ ಕೈಗೂ ಬಂದಿರಲಿಲ್ಲ. ಸುದ್ದಿ ನಮ್ಮ ಇನ್‌ಫ್ಲುಯೆನ್ಸರುಗಳಿಗೆ ತಲುಪಲು ಇನ್ನೂ ಸ್ವಲ್ಪ ಕಾಲ ಬೇಕೇನೋ.

ಪೂರ್ತಿ ಸುಳ್ಳೆಂದು ಹೇಳಿದರೆ ನಾನೂ ರೀಲ್ಸಿನವನಂತಾದೇನು. ನೋವು ಒಂದಿಷ್ಟು ತಗ್ಗಿತೆಂದು ಹೇಳುವ ಪ್ರಯೋಗಗಳಿವೆ. ಹೆಚ್ಚಿನವು ಚಿಕ್ಕವು, ಎಷ್ಟೋ ಪ್ರಯೋಗಗಳ ಖರ್ಚು ಪುಡಿ ಮಾರುವವರದೇ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರದವರು 2011ರಲ್ಲಿ ಕಡತ ತಿರುವಿ ಹಾಕಿ, ಇದರಿಂದ ಕೀಲು ಕಾಪಾಡಿಕೊಳ್ಳಬಹುದೆಂಬುದು ಸಾಬೀತಾಗಿಲ್ಲ ಎಂದು ಬರೆದು ಮುಚ್ಚಿದರು. ನಮ್ಮಲ್ಲಿ ಅಷ್ಟು ದೂರ ಹೋಗುವುದೇ ಬೇಡ. ಡಬ್ಬಿಯ ಮುಂಭಾಗದಲ್ಲಿ ಜಿಗಿಯುವ ಅಜ್ಜಿ, ಹಿಂಭಾಗದಲ್ಲಿ ಇರುವೆ ಸಾಲಿನಷ್ಟು ಅಕ್ಷರದಲ್ಲಿ 'ಔಷಧೀಯ ಬಳಕೆಗೆ ಅಲ್ಲ'. ಕಾನೂನು ಬರೆಸಿದ ಆ ಒಂದು ಸಾಲು ಓದಲು ಭೂತಗನ್ನಡಿ ಬೇಕು. ಅದನ್ನೂ ಕಾಂಬೋ ಆಫರಿನಲ್ಲಿ ಕೊಡಬಹುದಿತ್ತು.

ಫಿಸಿಯೋಥೆರಪಿಯವರ ಹತ್ತಿರ ಹೋದರೆ ಬೇರೆಯದೇ ರಗಳೆ. ತೂಕ ಇಳಿಸಿ, ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ನಾಲ್ಕು ಕೆಜಿಯಷ್ಟು ಇಳಿಯುತ್ತದೆ ಎನ್ನುತ್ತಾರೆ. ತೊಡೆ ಗಟ್ಟಿ ಮಾಡಿ, ಕುರ್ಚಿಯಲ್ಲಿ ಕೂತು ಕಾಲು ನೀಡಿ ಎತ್ತಿ ಎನ್ನುತ್ತಾರೆ. ಇದರಲ್ಲಿ ಫ್ಲೇವರೂ ಇಲ್ಲ, ಕೂಪನ್ ಕೋಡೂ ಇಲ್ಲ, ಯಾರು ಮಾಡುತ್ತಾರೆ?

ರಾಯರಿಗೆ ನಾನು ಕಂಡುಕೊಂಡ ದಾರಿ ಹೇಳಿದ್ದೇನೆ. ಅರ್ಧ ಕೆಜಿಯ ಡಬ್ಬಿಯನ್ನು ಪಂಚೆಯ ಅಂಚಿನಿಂದ ಪಾದಕ್ಕೆ ಬಿಗಿದುಕೊಂಡು, ಕುರ್ಚಿಯಲ್ಲಿ ಕೂತು, ದಿನಾ ಕಾಲು ಎತ್ತಿ ಇಳಿಸಿ. ಕೊಲಾಜೆನ್‌ನಿಂದ ಮಂಡಿಗೆ ಖಂಡಿತ ಗುಣ ಸಿಗುತ್ತದೆ. ಸೀಲು ಮಾತ್ರ ಒಡೆಯಬೇಡಿ, ತೂಕ ಕಡಿಮೆಯಾಗುತ್ತದೆ.