ಕೂಗದ ಕುಕ್ಕರ್

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಂದು ಕುಕ್ಕರ್ ಇದೆ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ತಾನಾಗಿಯೇ ಮನೆಗೆ ಬಂದದ್ದು. ಮೈಮೇಲಿನ ಸ್ಟಿಕ್ಕರಿನಲ್ಲಿ ಸಾಹೇಬರು ಕೈ ಮುಗಿದು ನಗುತ್ತಿದ್ದಾರೆ. ತೆಂಗಿನ ನಾರು ಹಾಕಿ ತಿಕ್ಕಿದರೂ ಆ ನಗು ಹೋಗಿಲ್ಲ. ಆದರೆ ಕುಕ್ಕರ್ ಒಂದು ದಿನವೂ ಕೂಗಿಲ್ಲ. ಅಕ್ಕಿ ಇಟ್ಟರೆ ಆವಿಯೆಲ್ಲ ಪಕ್ಕದಿಂದ ಪುಸ್ ಅಂತ ಹೋಗುತ್ತದೆ. ಗೆದ್ದ ಮೇಲೆ ಸಾಹೇಬರೇ ಸದನದಲ್ಲಿ ಬಾಯಿ ಬಿಟ್ಟಿಲ್ಲ, ಕುಕ್ಕರ್ ಪಾಪ ಏನು ಮಾಡೀತು?

“ಇದಕ್ಕೆ ವಾರಂಟಿ ಇರಲ್ವೇನೋ?” ಅಂದಳು ಚಿಕ್ಕಮ್ಮ.

ಇರುತ್ತೆ, ಐದು ವರ್ಷ. ಆದರೆ ಅದು ನಾವು ಅವರಿಗೆ ಕೊಟ್ಟಿರೋದು.

ಸಾಹೇಬರನ್ನು ಸುಮ್ನೆ ಬೈಯಬಾರದು. ವಿಧಾನಸಭೆಗೆ ನಿಂತವರು 40 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಕ್ಷೇತ್ರದಲ್ಲಿ 2 ಲಕ್ಷ ಮತದಾರರು ಅಂದುಕೊಂಡರೂ ತಲೆಗೆ 20 ರೂಪಾಯಿ. ಅದರಲ್ಲೇ ಜೀಪು, ಮೈಕು, ಹಾರ, ಪಟಾಕಿ, ಹುಡುಗರ ಬಿರಿಯಾನಿ. ಆಮೇಲೆ ಆಯೋಗಕ್ಕೆ ಕೊಡುವ ಲೆಕ್ಕ ನೋಡಿದರೆ ಎಷ್ಟೋ ಜನರ ಹತ್ತಿರ ಅದರಲ್ಲೂ ದುಡ್ಡು ಮಿಕ್ಕಿರುತ್ತದೆ! ಇಷ್ಟು ಕೈಬಿಗಿ ಇರುವವರ ಕೈಗೆ ಖಜಾನೆ ಕೊಡದೆ ಇನ್ಯಾರಿಗೆ ಕೊಡೋಣ?

ಆ ಸಲ ರಾಜ್ಯದಲ್ಲಿ ಹಿಡಿದ ನಗದು, ಹೆಂಡ, ಚಿನ್ನ, ಉಡುಗೊರೆ ಎಲ್ಲ ಸೇರಿ ಸುಮಾರು 375 ಕೋಟಿ ರೂಪಾಯಿ. 2018ರಲ್ಲಿ ಇದು ಸುಮಾರು 84 ಕೋಟಿ. ಯಾವ ಬ್ಯಾಂಕಿನ ಎಫ್‌ಡಿ ಐದು ವರ್ಷಕ್ಕೆ ಹೀಗೆ ಬೆಳೆಯುತ್ತೆ ಹೇಳಿ. ಇದು ಸಿಕ್ಕಿಬಿದ್ದ ಮಾಲು ಮಾತ್ರ, ಚಿಕ್ಕಮ್ಮನ ಕುಕ್ಕರ್ ಇದರಲ್ಲಿಲ್ಲ. ಅಡಿಕೆ ಮಾರಿ 60 ಸಾವಿರ ತರುತ್ತಿದ್ದ ನಮ್ಮ ಮಾವ ಮಾತ್ರ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದರು. 50 ಸಾವಿರ ದಾಟಿದರೆ ದಾಖಲೆ ತೋರಿಸಬೇಕು ತಾನೇ? ಅವರು ಅಲ್ಲಿ ಚೀಟಿ ಹುಡುಕುತ್ತಿದ್ದ ಹೊತ್ತಿಗೆ, ಇಲ್ಲಿ ನಮ್ಮ ಬೀದಿಗೆ ಲೈಟ್ ಆರಿಸಿದ ಸ್ಕೂಟರ್ ಬಂತು.

ಹುಡುಗನ ಕೈಯಲ್ಲಿ ವೋಟರ್ ಲಿಸ್ಟು, ಕಿವಿಯಲ್ಲಿ ಪೆನ್ನು. ನಾಲ್ಕು ವೋಟಿಗೆ ನಾಲ್ಕು ಕವರ್. ರಸೀದಿ ಇಲ್ಲ, ಮಂಜುನಾಥನ ಫೋಟೋ ಮುಟ್ಟಿ ಆಣೆ ಮಾಡಬೇಕು, ಅಷ್ಟೇ. ಅರ್ಧ ಗಂಟೆಗೆ ಇನ್ನೊಂದು ಪಾರ್ಟಿಯ ಸ್ಕೂಟರ್. ಅದೇ ಫೋಟೋ, ಅದೇ ಆಣೆ.

“ಇಬ್ಬರಿಗೂ ಆಣೆ ಮಾಡಿದ್ಯಲ್ಲ ಚಿಕ್ಕಮ್ಮ?”

“ಒಂದಕ್ಕೊಂದು ವಜಾ ಆಯ್ತು ಬಿಡು. ಸ್ವಾಮಿಗೂ ಲೆಕ್ಕ ಬರುತ್ತೆ.”

ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು, ಒಂದು ವರ್ಷದವರೆಗೆ ಜೈಲಾಗಬಹುದು ಅಂದೆ. ಚಿಕ್ಕಮ್ಮ ನಿಜಕ್ಕೂ ಗಾಬರಿಯಾದಳು. “ಹಾಗಾದ್ರೆ ಕುಕ್ಕರ್ ರಿಪೇರಿಗೆ ಕೊಡೋ ಹಾಗೂ ಇಲ್ವಾ?”

ಮೇ 10ಕ್ಕೆ ಮತದಾನ ಆಯಿತು. ಮೇ 19ಕ್ಕೆ ರಿಸರ್ವ್ ಬ್ಯಾಂಕು 2,000ದ ನೋಟು ವಾಪಸ್ ಪಡೆಯುವುದಾಗಿ ಹೇಳಿತು. ಕವರಿನಲ್ಲಿ ಇದ್ದದ್ದೂ ಅದೇ ಗುಲಾಬಿ ನೋಟು. ಬ್ಯಾಂಕಿನ ಮುಂದೆ ನಮ್ಮ ಬೀದಿಗೆ ಬೀದಿಯೇ ಕ್ಯೂ ನಿಂತಿತ್ತು. ನಿನಗೆ ಎಲ್ಲಿಂದ ಬಂತು ಅಂತ ಒಬ್ಬರೂ ಒಬ್ಬರನ್ನು ಕೇಳಲಿಲ್ಲ. ಎಂಥಾ ಸಭ್ಯರು ನೋಡಿ.

ಮೊನ್ನೆ ಆ ಸ್ಕೂಟರ್ ಹುಡುಗ ಫೋನ್ ನಂಬರ್ ಬರೆದುಕೊಳ್ಳಲು ಮತ್ತೆ ಬಂದಿದ್ದ. ಚಿಕ್ಕಮ್ಮ ರಸ್ತೆ ಕೇಳಲಿಲ್ಲ, ನೀರು ಕೇಳಲಿಲ್ಲ. ಕುಕ್ಕರ್ ತಂದು ಅವನ ಮುಂದೆ ಇಟ್ಟಳು.

“ಈ ಸಲ ಐಎಸ್‌ಐ ಮಾರ್ಕ್ ಇರೋದು ತಗೊಂಡು ಬಾರಪ್ಪ. ಗ್ಯಾಸ್ಕೆಟ್ ಒಂದು ಜಾಸ್ತಿ ಇರಲಿ.”

ಅವನು ಬರೆದುಕೊಂಡು ಹೋದ.