ಹೊರಗೆ ಬಿಟ್ಟು ಬರಲು ಆಗಲ್ಲ
ಶಿಕ್ಷಕರು ಊರು, ಜಾತಿ, ಮನೆಮಾತನ್ನೆಲ್ಲ ಶಾಲೆಯ ಗೇಟಿನ ಹೊರಗೇ ಬಿಟ್ಟು ಬರಬೇಕು ಅಂತ ಒಂದು ಲೇಖನದಲ್ಲಿ ಓದಿದೆ. ಅದು ಆಗುವ ಮಾತಲ್ಲ. ನಾನು ತೀರ್ಥಹಳ್ಳಿ ಕಡೆಯವಳು, ಬೆಂಗಳೂರಿನ ಪೀಣ್ಯದ ಹತ್ತಿರ ಪಾಠ ಮಾಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಪಾಠ ಇರಲಿ ಅನ್ನುತ್ತದೆ. ನನ್ನ ತರಗತಿಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಎಲ್ಲ ಇವೆ. ಆದರೆ ನಾನು ಎಡವಿದ್ದು ಯಾದಗಿರಿ ಕನ್ನಡದಲ್ಲಿ. ಬೋರ್ಡ್ ಹತ್ತಿರ ಬಾ ಅಂದಾಗ ಹುಡುಗಿ ‘ಒಲ್ಲೆ’ ಅಂದಳು. ಎದುರುತ್ತರ ಅಂದುಕೊಂಡು ಗದರಿದೆ. ಅವಳ ಊರಲ್ಲಿ ಅದು ಸುಮ್ನೆ ‘ಬೇಡ’ ಅಂದ ಹಾಗೆ, ಅಷ್ಟೇ. ಆಮೇಲೆ ಒಂದು ವಾರ ಅವಳು ಬಾಯೇ ಬಿಡಲಿಲ್ಲ.

ಬಿಸಿಯೂಟದ ಮೊಟ್ಟೆಯೂ ಹಾಗೇ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನಲ್ಲ. ನಾನು ಹತ್ತಿರ ಬಂದರೆ ಮಕ್ಕಳು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅದನ್ನು ನೋಡಿ ತುಂಬಾ ನೋವಾಯಿತು. ಈಗ ಪಕ್ಕದಲ್ಲೇ ಕೂತು ಚಿಕ್ಕವರಿಗೆ ಸಿಪ್ಪೆ ಬಿಡಿಸಿ ಕೊಡುತ್ತೇನೆ.