ನನ್ನ ನಿಶ್ಚಿತಾರ್ಥಕ್ಕೆ ಎರಡು ದಿನ ರಜೆ

ಕಳೆದ ವರ್ಷ, 49ನೇ ವಯಸ್ಸಿನಲ್ಲಿ, ನನಗೆ ನಿಶ್ಚಿತಾರ್ಥ ಗೊತ್ತಾಯ್ತು. ಮನೆಯಲ್ಲಿ ಗಂಡ ಇದ್ದಾರೆ, ಮಗಳು ಪಿಯುಸಿ. ಮಡಿಕೇರಿಯಿಂದ ಮ್ಯಾನೇಜರ್ ಸರ್ ಫೋನ್ ಮಾಡಿ, "ಮೇಡಂ, ರಜೆ ಕೊಟ್ಟಿದ್ದೀನಿ, ಆದ್ರೆ..." ಅಂತ ತಡವರಿಸಿದಾಗಲೇ ನನಗೂ ವಿಷಯ ತಿಳಿದಿದ್ದು.

ಸೋಮವಾರಪೇಟೆ ಕಡೆಯ ನಮ್ಮ ಆಫೀಸಿನಲ್ಲಿ ನಾಲ್ಕು ಜನ, ನೆಟ್ಟಗೆ ಕೆಲಸ ಮಾಡೋ ಕಂಪ್ಯೂಟರ್ ಒಂದೇ. ಹಿಂದಿನ ಸಂಜೆ ಬಸ್ಸು ತಪ್ಪುತ್ತೆ ಅಂತ ಕಿಟಕಿ ಮುಚ್ಚಿ ಓಡಿದ್ದೆ. ಗೋಡೆಯ ಕಿಟಕಿಯಲ್ಲ, ಜಿಮೇಲ್ ಕಿಟಕಿ. ಅದನ್ನ ಮುಚ್ಚಿದರೆ ಮುಗೀತು ಅಂದುಕೊಂಡಿದ್ದೆ. ಸೈನ್ ಔಟ್ ಒತ್ತದಿದ್ದರೆ ಬ್ರೌಸರ್ ನಮ್ಮನ್ನ ಹಾಗೇ ನೆನಪಿಟ್ಟುಕೊಂಡಿರುತ್ತೆ. ಬೆಳಿಗ್ಗೆ ಬಂದ ನಮ್ಮ ಆಫೀಸಿನ ಹುಡುಗ ತನ್ನದೇ ಮೇಲ್ ಅಂದುಕೊಂಡು ತನ್ನ ನಿಶ್ಚಿತಾರ್ಥಕ್ಕೆ ರಜೆ ಅರ್ಜಿ ಬರೆದ, ಹೆಸರು ಹಾಕೋದು ಮರೆತ. ಕೆಳಗೆ ನನ್ನ ಹೆಸರು, ಹುದ್ದೆ ತಾನಾಗಿ ಬಂದು ಕೂತಿತ್ತು.

ಒಂದು ವಾರ ನಕ್ಕೆವು. ಆಮೇಲೆ ಒಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದೇ ಮೇಲ್‌ನಲ್ಲಿ ಬೆಳೆಗಾರರ ಪಾಸ್‌ಬುಕ್ ಪ್ರತಿ, ಆಧಾರ್, ಆರ್‌ಟಿಸಿ ಎಲ್ಲಾ ಇದೆ. "ಈ ಅಕೌಂಟಿಗೆ ದುಡ್ಡು ಹಾಕಿ" ಅಂತ ನನ್ನ ಹೆಸರಲ್ಲಿ ಒಂದು ಸಾಲು ಹೋಗಿದ್ದಿದ್ರೆ?

ನಮ್ಮಲ್ಲಿ ಯಾರೂ ಕಳ್ಳರಲ್ಲ. ನಮ್ಮ ರೋಗ ದಾಕ್ಷಿಣ್ಯ. ತೋಟಕ್ಕೆ ಹೋಗುವಾಗ ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗೋ ಜನ ನಾವು. ಎದುರಿಗೇ ಕೂತವರ ಮುಂದೆ ಲಾಗೌಟ್ ಮಾಡಿದರೆ ಅವರ ಕಣ್ಣೆದುರೇ ಪರ್ಸಿಗೆ ಜಿಪ್ ಎಳೆದ ಹಾಗೆ ಅನಿಸುತ್ತೆ. ಅದಕ್ಕೇ ಪಾಸ್‌ವರ್ಡ್ ಚೀಟಿ ಮಾನಿಟರಿಗೆ ಅಂಟಿರೋದು. ಆದರೆ ಏನಾದರೂ ಎಡವಟ್ಟಾದ ದಿನ ಮೊದಲ ಅನುಮಾನ ಯಾರ ಮೇಲೆ? ನನ್ನ ನಂತರ ಆ ಕುರ್ಚಿಯಲ್ಲಿ ಕೂತವನ ಮೇಲೆ. ಇನ್ನೊಬ್ಬರ ಪಾಸ್‌ವರ್ಡನ್ನ ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂನಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಮದುವೆ ಗೊತ್ತಾದ ಹುಡುಗನನ್ನ ಆ ವಿಚಾರಣೆಗೆ ನಿಲ್ಲಿಸೋದಾ?

ಈಗ ಬ್ರೌಸರಿನ ಗೆಸ್ಟ್ ವಿಂಡೋದಲ್ಲೇ ಮೇಲ್ ತೆರೀತೀನಿ, ಅದನ್ನ ಮುಚ್ಚಿದರೆ ಲಾಗಿನ್ ಉಳಿಯಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್‌ನ ತೀರಾ ಕೆಳಗೆ ಬಲಗಡೆ 'ವಿವರ' ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಅಲ್ಲಿಂದ ಬೇರೆ ಕಡೆ ತೆರೆದಿರೋದನ್ನೆಲ್ಲ ಒಟ್ಟಿಗೇ ಸೈನ್ ಔಟ್ ಮಾಡಬಹುದು.

ಆಫೀಸಿನ ಸಾಮಾನ್ಯ ಮೇಲ್‌ನ ಕಥೆ ಬೇರೆ. ಅದಕ್ಕೆ ಜೋಡಿಸಿರೋದು ಎಂದೋ ವರ್ಗವಾಗಿ ಹೋದ ಅಕ್ಕನ ಮೊಬೈಲ್ ನಂಬರ್. ಒಟಿಪಿ ಬೇಕಾದಾಗಲೆಲ್ಲ ಅವರಿಗೆ ಫೋನ್. ಒಮ್ಮೆ ಮೊಮ್ಮಗನ ನಾಮಕರಣದ ಮಧ್ಯೆ ನಂಬರ್ ಓದಿ ಹೇಳಿ, "ಇನ್ನು ನನಗೂ ಸಂಬಳ ಕೊಡಿ" ಅಂದ್ರು. ತಪ್ಪು ಸಿಬ್ಬಂದಿಯದ್ದಲ್ಲ. ನಾಲ್ಕು ಜನಕ್ಕೆ ಒಂದು ಮೇಲ್ ಕೊಟ್ಟು, ಅದು ಯಾರ ಜವಾಬ್ದಾರಿ ಅಂತ ಹೇಳದೆ, ಆಮೇಲೆ "ಜಾಗ್ರತೆ ಇರಬೇಕಲ್ವಾ" ಅನ್ನೋರದ್ದು.

ಕಕ್ಕಡ ತಿಂಗಳ ಜಡಿಮಳೆಯಲ್ಲಂತೂ ಕರೆಂಟ್ ಹೋಗಿ, ಹಿಂದೆಯೇ ಟವರೂ ಹೋದರೆ ಒಟಿಪಿ ಎಲ್ಲಿಂದ ಬರಬೇಕು? ಅದರ ಬದಲಿಗೆ ಹಾಕೋಕೆ ಗೂಗಲ್ 8 ಅಂಕಿಯ 10 ಬ್ಯಾಕಪ್ ಕೋಡ್ ಕೊಡುತ್ತೆ, ಒಂದೊಂದು ಒಂದೇ ಸಲಕ್ಕೆ. ಬರೆದು ಪರ್ಸಿನಲ್ಲಿಟ್ಟಿದ್ದೀನಿ. ಕೀಬೋರ್ಡಿನ ಕೆಳಗಲ್ಲ!

ಹುಡುಗನ ಮದುವೆ ಗೋಣಿಕೊಪ್ಪದಲ್ಲಿ ಆಯ್ತು. ಊಟಕ್ಕೆ ಪಕ್ಕದಲ್ಲಿ ಕೂತ ಮ್ಯಾನೇಜರ್ ಸರ್ ಕಡಂಬುಟ್ಟು ಮುರಿಯುತ್ತಾ, "ನಿಮ್ಮ ಮದುವೆ ಊಟ ಚೆನ್ನಾಗಿದೆ ಮೇಡಂ" ಅಂದ್ರು.